ಎತ್ತರದ ಪರ್ವತಕ್ಕೆ ಹೊರಡುವ ಮುನ್ನ

ಕಳೆದ ಶ್ರಾವಣದಲ್ಲಿ ಪುರಾಣ ಪ್ರವಚನ ಮುಗಿಸಿಕೊಂಡು ನಾವು ಮನೆಗೆ ಮರಳಿದಾಗ, ಪರಿಚಿತ ಕುಟುಂಬವೊಂದು ಜಗುಲಿಯ ಮೇಲೆ ಕಾದು ಕುಳಿತಿತ್ತು. ತಂದೆ 58 ವರ್ಷದ ಉಪಾಧ್ಯಾಯರು. ಮಗಳು ಬೆಂಗಳೂರಿನಲ್ಲಿ ಉದ್ಯೋಗಸ್ಥೆ. ಸಂಗಡ ಎಂಬತ್ತು ದಾಟಿದ ಅಜ್ಜಿ. ಮಗಳ ಕೈಯಲ್ಲಿ ಬಣ್ಣದ ಎರಡು ಪ್ರಚಾರ ಪತ್ರಗಳಿದ್ದವು. ಆಫ್ರಿಕಾ ಖಂಡದ ತಾಂಜಾನಿಯಾ ದೇಶದಲ್ಲಿರುವ ಕಿಲಿಮಂಜಾರೊ ಪರ್ವತವನ್ನು ತಂದೆಯೊಡನೆ ಏರಬೇಕೆಂಬುದು ಅವಳ ಸಂಕಲ್ಪ. ತಾಯಿ ಒಪ್ಪಿರಲಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲದ ಚಾರಣಕ್ಕೆ ಕರ್ನಾಟಕದಿಂದ ತೆರಳಿದ್ದ ತಂಡವು ಹಿಮಗಾಳಿಗೆ ಸಿಲುಕಿ 9 ಜನರು ಪ್ರಾಣ ಕಳೆದುಕೊಂಡ ವಾರ್ತೆಯನ್ನು ಆ ತಾಯಿ ಮರೆತಿರಲಿಲ್ಲ, ಮರೆಯುವಂಥದೂ ಅಲ್ಲ. "ಶಾಸ್ತ್ರಿಗಳೇ, ತಾವು ಹಿಮಾಲಯ ಕಂಡವರು. ಹೋಗಬಹುದೋ ಬಾರದೋ ಒಂದು ಮಾತು ಹೇಳಿರಿ" ಎಂದರು ಉಪಾಧ್ಯಾಯರು.

ನಾವು ಪರ್ವತಾರೋಹಿಗಳಲ್ಲ. ಮಠದಲ್ಲಿ ವ್ಯಾಕರಣ, ಸಾಹಿತ್ಯ, ವಚನಶಾಸ್ತ್ರ ಕಲಿತವರು. ಆದರೂ ಎತ್ತರವೆಂದರೇನು ಎಂಬುದನ್ನು ಒಮ್ಮೆ, ಒಂದೇ ರಾತ್ರಿಯಲ್ಲಿ, ಅರಿತುಕೊಂಡಿದ್ದೇವೆ.

1994ರಲ್ಲಿ ನಾವು ಕೆಲವರು ಕೇದಾರಕ್ಕೆ ಹೋಗಿದ್ದೆವು. ಕೇದಾರದ ರಾವಲರು ಕನ್ನಡ ನಾಡಿನ ವೀರಶೈವರೆಂಬುದು ಓದುಗ ಬಂಧುಗಳಿಗೆ ತಿಳಿದೇ ಇದೆ. ಆ ಅಭಿಮಾನವೂ ನಮ್ಮನ್ನು ಎಳೆದೊಯ್ದಿತ್ತು. ಆಗ ಗೌರೀಕುಂಡದಿಂದ 14 ಕಿಲೋಮೀಟರು ನಡಿಗೆ. ಗೌರೀಕುಂಡವು ಸಮುದ್ರಮಟ್ಟದಿಂದ ಸುಮಾರು 2,000 ಮೀಟರು, ಕೇದಾರವು ಸುಮಾರು 3,580 ಮೀಟರು. ಒಂದೇ ದಿನದಲ್ಲಿ ಅಷ್ಟನ್ನೂ ಏರಿ, ಅಲ್ಲಿಯೇ ಮಲಗಿದೆವು. ನಮ್ಮ ಹಿರಿಯ ಸಹಪಾಠಿಯೊಬ್ಬರಿಗೆ ಮಧ್ಯರಾತ್ರಿ ಕೆಮ್ಮು ಹತ್ತಿತು. ಕುಳಿತಲ್ಲಿಯೇ ಏದುಸಿರು, ಎದೆಯಲ್ಲಿ ಗೊರಗೊರ ಶಬ್ದ, ಕಫದಲ್ಲಿ ನಸುಗೆಂಪು ನೊರೆ. ಚಳಿಗೆ ನೆಗಡಿಯಾಗಿದೆಯೆಂದು ನಾವು ಕಷಾಯ ಕುಡಿಸಿ ಕಂಬಳಿ ಹೊದಿಸಿದೆವು. ಬೆಳಗಾಗಲೆಂದು ಕಾದೆವು. ಬೆಳಿಗ್ಗೆ ದಂಡಿಯಲ್ಲಿ ಕುಳ್ಳಿರಿಸಿ ಕೆಳಗಿಳಿಸಿದಾಗ, ಯಾವ ಔಷಧವೂ ಇಲ್ಲದೆ, ಗೌರೀಕುಂಡ ತಲುಪುವಷ್ಟರಲ್ಲಿ ಅವರ ಉಸಿರು ತಿಳಿಯಾಗಿತ್ತು. ಊರಿಗೆ ಮರಳಿದ ಮೇಲೆ ವೈದ್ಯರು ವಿವರಿಸಿದರು: ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ರೋಗವದು, ಇಳಿಸುವುದೇ ಅದಕ್ಕೆ ಪ್ರಥಮ ಚಿಕಿತ್ಸೆ, ಇನ್ನೊಂದು ರಾತ್ರಿ ಕಾದಿದ್ದರೆ ಅವರು ಉಳಿಯುತ್ತಿರಲಿಲ್ಲ. ಅಜ್ಞಾನದಿಂದ ಕಾದ ಆ ಐದಾರು ಗಂಟೆಗಳು ಇಂದಿಗೂ ನಮ್ಮನ್ನು ಚುಚ್ಚುತ್ತವೆ. ಆದ್ದರಿಂದಲೇ ಆ ಕುಟುಂಬಕ್ಕೆ ಹೌದು, ಅಲ್ಲ ಎಂದು ಒಂದು ಮಾತಿನಲ್ಲಿ ಹೇಳದೆ, ಎರಡೂ ಪತ್ರಗಳನ್ನು ಇರಿಸಿಕೊಂಡು ಮುಂದಿನ ಸೋಮವಾರ ಬನ್ನಿರೆಂದೆವು. ಆ ವಾರವೆಲ್ಲ ನಮ್ಮ ಶಿಷ್ಯರಾದ ವೈದ್ಯರೊಬ್ಬರನ್ನು ಕೂರಿಸಿಕೊಂಡು, ನಕ್ಷೆ ಬಿಡಿಸಿ, ವಿಷಯವನ್ನು ಅಭ್ಯಾಸ ಮಾಡಿದೆವು. ಇಂದು ಅನೇಕ ಮನೆಗಳ ಮಕ್ಕಳು ಇಂಥ ಯಾತ್ರೆಗಳಿಗೆ ಹೊರಡುತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಕಿಲಿಮಂಜಾರೊ ಆಫ್ರಿಕಾದ ಅತ್ಯುನ್ನತ ಪರ್ವತ. ಅದರ ತುದಿಗೆ ಉಹುರು ಎಂದು ಹೆಸರು. ಸ್ವಾಹಿಲಿ ಭಾಷೆಯಲ್ಲಿ ಸ್ವಾತಂತ್ರ್ಯವೆಂದರ್ಥ. ಎತ್ತರ 5,895 ಮೀಟರು. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಇದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಹಗ್ಗ ಹಿಡಿದು ಬಂಡೆ ಹತ್ತುವ ವಿದ್ಯೆ ಇಲ್ಲಿನ ರೂಢಿಯ ದಾರಿಗಳಿಗೆ ಬೇಡ, ನಡೆಯಬಲ್ಲವರು ಸಾಕು. ಅಪಾಯ ಅಡಗಿರುವುದೂ ಈ ಮಾತಿನಲ್ಲಿಯೇ. ಕಾಲು ಗಟ್ಟಿಯಿದ್ದವನು ವೇಗವಾಗಿ ಏರುತ್ತಾನೆ. ಎತ್ತರವು ಕಾಲನ್ನು ಪರೀಕ್ಷಿಸುವುದಿಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಲ್ಲಿಯೂ ಶೇಕಡಾ 21 ಇದ್ದರೂ, ಮೇಲೇರಿದಂತೆ ವಾಯುವಿನ ಒತ್ತಡ ಕುಗ್ಗುತ್ತದೆ. ಉಹುರುವಿನಲ್ಲಿ ಅದು ಸಮುದ್ರತೀರದ ಅರ್ಧದಷ್ಟು ಮಾತ್ರ. ಅದಕ್ಕೆ ದೇಹವು ಒಗ್ಗಿಕೊಳ್ಳಬಲ್ಲದು, ಆದರೆ ಗಂಟೆಗಳಲ್ಲಿ ಅಲ್ಲ, ದಿನಗಳಲ್ಲಿ. ಎಷ್ಟು ಸಲ ಮುಳ್ಳಯ್ಯನಗಿರಿ ಹತ್ತಿಳಿದರೂ ಮೊಣಕಾಲಿಗೆ ಬಲ ಬಂದೀತು. ಈ ಒಗ್ಗುವಿಕೆ ಬಾರದು.

ಈಗ ಆ ಎರಡು ಪತ್ರಗಳ ವಿಚಾರ. ಒಂದು 5 ದಿನಗಳ ಯಾತ್ರೆ, ಮರಂಗು ದಾರಿಯಲ್ಲಿ. ಮತ್ತೊಂದು 8 ದಿನಗಳದು, ಲೆಮೋಶೋ ದಾರಿಯಲ್ಲಿ. ಮೊದಲನೆಯದು ಬಹಳ ಅಗ್ಗ. ಡೇರೆಯ ಬದಲು ಮರದ ಗುಡಿಸಲುಗಳಲ್ಲಿ ವಸತಿ. ಉಪಾಧ್ಯಾಯರ ಮನಸ್ಸು ಅದರ ಕಡೆಗೇ ವಾಲಿತ್ತು. ಮಗಳ ಹಣ ಉಳಿಯಲೆಂಬ ಕಾಳಜಿ. ಆದರೆ ರಾತ್ರಿ ಮಲಗುವ ತಾಣಗಳ ಎತ್ತರವನ್ನು ಒಂದರ ಕೆಳಗೊಂದು ಬರೆದು ನೋಡಿದಾಗ ಸತ್ಯ ಹೊರಬಿತ್ತು. 5 ದಿನದ ಯಾತ್ರೆಯಲ್ಲಿ ಮೊದಲ ರಾತ್ರಿ ಮಂದಾರಾ, 2,720 ಮೀಟರು. ಎರಡನೆಯ ರಾತ್ರಿ ಹೊರೊಂಬೊ, 3,720. ಮೂರನೆಯದು ಕಿಬೊ, 4,720. ಅದೇ ಮಧ್ಯರಾತ್ರಿ ಎದ್ದು 5,895ಕ್ಕೆ ಹೊರಡಬೇಕು! 3,000 ಮೀಟರು ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎಂಬುದು ಪರ್ವತವೈದ್ಯರ ಸೂತ್ರ. ಇಲ್ಲಿ ಅದರ ಇಮ್ಮಡಿ. ಕೇದಾರದಲ್ಲಿ ನಾವು ಮಾಡಿದ ತಪ್ಪನ್ನೇ ಹಣ ಕೊಟ್ಟು, ಮೂರು ದಿನ ಸತತವಾಗಿ ಮಾಡಿದಂತೆ.

8 ದಿನದ ದಾರಿಯೂ ಸೂತ್ರವನ್ನು ಪೂರ್ತಿ ಪಾಲಿಸುವುದಿಲ್ಲ, ಆದರೆ ಅದರ ಕ್ರಮದಲ್ಲಿ ವಿವೇಕವಿದೆ. ಶಿರಾ ಎಂಬ ಪ್ರಸ್ಥಭೂಮಿಯಲ್ಲಿ ಎರಡು ರಾತ್ರಿ. ನಾಲ್ಕನೆಯ ದಿನ ಲಾವಾ ಟವರ್ ಎಂಬ ಬಂಡೆಯವರೆಗೆ, ಸುಮಾರು 4,600 ಮೀಟರು ಏರಿ, ಅಲ್ಲಿ ನಿಲ್ಲದೆ ಸುಮಾರು 3,950 ಮೀಟರಿನ ಬರಾಂಕೊಗೆ ಇಳಿದು ಮಲಗುತ್ತಾರೆ. ಹಗಲು ಎತ್ತರದ ರುಚಿ ತೋರಿಸಿ, ರಾತ್ರಿ ತಗ್ಗಿನಲ್ಲಿ ವಿಶ್ರಾಂತಿ. ಆಮೇಲೆ ಕರಂಗಾ, ಅಲ್ಲಿಂದ ಬರಾಫು, ಕೊನೆಯ ತಾಣ. ಬರಾಫು ಎಂದರೆ ಸ್ವಾಹಿಲಿಯಲ್ಲಿ ಹಿಮ. ಫಾರಸಿಯ 'ಬರ್ಫ್' ಹಿಂದೂಸ್ತಾನಿಗೂ ಬಂದು, ಸಮುದ್ರ ದಾಟಿ ಆಫ್ರಿಕಾದ ಪರ್ವತದ ಮೇಲೂ ಕುಳಿತಿದೆಯೆಂದು ತಿಳಿದು ಶಬ್ದಪ್ರಿಯರಾದ ನಮಗೆ ಸಂತೋಷವಾಯಿತು.

ಅಗ್ಗದ ಯಾತ್ರೆ ಏಕೆ ಅಗ್ಗ? ರಾಷ್ಟ್ರೀಯ ಉದ್ಯಾನದ ಪ್ರವೇಶ, ಡೇರೆ ಮುಂತಾದ ಶುಲ್ಕಗಳನ್ನು ಅಲ್ಲಿ ದಿನದ ಲೆಕ್ಕದಲ್ಲಿ, ಡಾಲರುಗಳಲ್ಲಿ ವಸೂಲು ಮಾಡುತ್ತಾರೆ. ದಿನ ಕಡಿಮೆಯಾದಷ್ಟೂ ಖರ್ಚು ಕಡಿಮೆ. ಅಂದರೆ ಉಳಿತಾಯವಾಗುವುದು ದೇಹಕ್ಕೆ ಅತ್ಯಗತ್ಯವಾದ ದಿನಗಳಿಂದಲೇ. ಉಳಿತಾಯದ ಇನ್ನೊಂದು ದಾರಿ ಹೊರೆ ಹೊರುವವರ ಕೂಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. 1889ರಲ್ಲಿ ಜರ್ಮನಿಯ ಹಾನ್ಸ್ ಮೇಯರ್ ಮತ್ತು ಆಸ್ಟ್ರಿಯಾದ ಲುಡ್ವಿಗ್ ಪುರ್ಟ್‌ಷೆಲ್ಲರ್ ಮೊದಲು ತುದಿ ಮುಟ್ಟಿದರೆಂದು ಪುಸ್ತಕಗಳು ಹೇಳುತ್ತವೆ. ಅವರ ಅನ್ನ, ಡೇರೆ, ಸಾಮಾನುಗಳನ್ನು ಹೊತ್ತವರ ಹೆಸರನ್ನು ಹುಡುಕಿದರೆ ಸಿಗುವುದು ಅಪರೂಪ. ಇಂದಿಗೂ ನೋಂದಾಯಿತ ಮಾರ್ಗದರ್ಶಿಯಿಲ್ಲದೆ ಆ ಪರ್ವತ ಏರುವಂತಿಲ್ಲ. ಒಬ್ಬ ಯಾತ್ರಿಕನ ಹಿಂದೆ ಮೂರು ನಾಲ್ಕು ಜನ ಅಡಿಗೆಯವರು, ಹೊರೆಯಾಳುಗಳು ನಡೆಯುತ್ತಾರೆ. ಒಬ್ಬನ ಹೊರೆ 20 ಕಿಲೋಗ್ರಾಂ ಮೀರಬಾರದೆಂದು ನಿಯಮವಿದ್ದು, ದ್ವಾರದಲ್ಲಿ ತೂಕ ಮಾಡುತ್ತಾರೆ. ಕೂಲಿ, ಊಟ, ಬೆಚ್ಚನೆಯ ಉಡುಪು ಅವರಿಗೆ ನ್ಯಾಯವಾಗಿ ಸಿಗುತ್ತದೆಯೇ ಎಂದು ನೋಡಿಕೊಳ್ಳಲು ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಮೋಶಿ ಪಟ್ಟಣದಲ್ಲಿದೆ. ತನ್ನ ಕಟ್ಟಳೆಗೆ ಒಪ್ಪಿದ ಕಂಪನಿಗಳ ಪಟ್ಟಿಯನ್ನೂ ಅದು ಕೊಡುತ್ತದೆ. ಕಾಯಕದ ಹಿರಿಮೆಯನ್ನು ವೇದಿಕೆಯಿಂದ ಹೊಗಳುವ ನಾವು, ನಮ್ಮ ಚೀಲ ಹೊತ್ತವನು ಆ ಚಳಿಯಲ್ಲಿ ಹರಿದ ಬೂಟಿನಲ್ಲಿ ನಡೆಯುವುದನ್ನು ಕಂಡೂ ಕಾಣದಂತಿರಲಾಗದು. ಬೆಂಗಳೂರಿನ ಸಂಘಟಕರು ಯಾವ ಸ್ಥಳೀಯ ಕಂಪನಿಯ ಕೈಗೆ ಒಪ್ಪಿಸುತ್ತಾರೆಂದು ಕೇಳಿ, ಆ ಹೆಸರನ್ನು ಪಟ್ಟಿಯಲ್ಲಿ ನೋಡಿಕೊಳ್ಳಿರೆಂದು ಮಗಳಿಗೆ ಹೇಳಿದೆವು.

ಉಳಿದವು ಸಣ್ಣ ಸಂಗತಿಗಳು. ಮಳೆ ಕಡಿಮೆಯಿರುವ ಕಾಲ ಜನವರಿಯಿಂದ ಮಾರ್ಚಿನ ಆರಂಭದವರೆಗೆ, ಮತ್ತೆ ಜೂನ್ ಕೊನೆಯಿಂದ ಅಕ್ಟೋಬರದವರೆಗೆ. ವಿಮೆಯ ಪತ್ರದಲ್ಲಿ 6,000 ಮೀಟರಿನವರೆಗೆ ಚಾರಣಕ್ಕೆ ರಕ್ಷಣೆಯುಂಟೆಂದು ಅಕ್ಷರಶಃ ಬರೆದಿರಬೇಕು. ತಪ್ಪಲಿನ ಊರುಗಳಲ್ಲಿ ಮಲೇರಿಯಾ ಇದೆ. ಹಳದಿ ಜ್ವರದ ಲಸಿಕೆಯ ನಿಯಮವು ವಿಮಾನ ಯಾವ ದೇಶದ ಮೂಲಕ ಹೋಗುತ್ತದೆಂಬುದನ್ನು ಅವಲಂಬಿಸಿದ್ದರಿಂದ ಟಿಕೀಟಿಗೆ ಮೊದಲೇ ವಿಚಾರಿಸಬೇಕು. ಎತ್ತರಕ್ಕೆ ಒಗ್ಗಲು ನೆರವಾಗುವ ಮಾತ್ರೆಯುಂಟು. ವೈದ್ಯರು ಬರೆದುಕೊಟ್ಟರೆ ಮಾತ್ರ ಸೇವಿಸಬೇಕು. ಉಪಾಧ್ಯಾಯರಿಗೆ ರಕ್ತದೊತ್ತಡವಿದ್ದುದರಿಂದ ಹೃದಯ ಪರೀಕ್ಷೆಯ ವಿನಾ ಮುಂಗಡ ಹಣ ಕಟ್ಟಕೂಡದೆಂದು ನಮ್ಮ ವೈದ್ಯ ಶಿಷ್ಯರು ಕಟ್ಟುನಿಟ್ಟಾಗಿ ಹೇಳಿದರು.

ಸೋಮವಾರ ಬಂದಾಗ ಮೊದಲು ಬಾಯಿ ತೆರೆದವರು ಅಜ್ಜಿ. "ಶಾಸ್ತ್ರಿಗಳ, ಅಲ್ಲಿ ಜಳಕಕ್ಕ ನೀರ ಸಿಗೂದಿಲ್ಲಂತ. ಲಿಂಗಪೂಜಿ ಹೆಂಗ ಮಾಡಬೇಕ್ರಿ ಇವರು?" ಆ ಪ್ರಶ್ನೆ ಸಣ್ಣದಲ್ಲ. ಕೊನೆಯ ತಾಣಕ್ಕೆ ಕುಡಿಯುವ ನೀರನ್ನೂ ಕೆಳಗಿನಿಂದ ಹೊತ್ತೊಯ್ಯುತ್ತಾರೆ. ಅಂಥಲ್ಲಿ ಮತ್ತೊಬ್ಬರು ಹೊತ್ತ ನೀರನ್ನು ಸ್ನಾನಕ್ಕೆ ಬೇಡುವುದಕ್ಕಿಂತ, ಕೈ ಮುಖ ಒರೆಸಿಕೊಂಡು, ವಿಭೂತಿ ಧರಿಸಿ, ಡೇರೆಯೊಳಗೆ ಕುಳಿತು ಪೂಜೆ ಮಾಡಿಕೊಂಡರೆ ಯಾವ ಕೊರತೆಯೂ ಇಲ್ಲವೆಂದು ನಮ್ಮ ತಿಳುವಳಿಕೆಯಂತೆ ಹೇಳಿದೆವು. ಅಜ್ಜಿ ಒಪ್ಪಿದರು.

ತಾಯಿಯ ಪ್ರಶ್ನೆ ಬೇರೆಯಾಗಿತ್ತು: "ಮ್ಯಾಲೆ ಹೋದಾಗ ಇವರಿಬ್ಬರಾಗ ಒಬ್ಬರಿಗೆ ಆರಾಮ ತಪ್ಪಿದ್ರ?" ನಮ್ಮ ಕೇದಾರದ ರಾತ್ರಿಯನ್ನು ಆಗ ವಿವರವಾಗಿ ಹೇಳಿದೆವು. ತಲೆನೋವು, ಊಟ ಸೇರದಿರುವುದು, ವಾಂತಿ ಕಂಡರೆ ಅದು ಎತ್ತರದ್ದೇ ಎಂದು ತಿಳಿದು ಅಲ್ಲಿಯೇ ನಿಲ್ಲಬೇಕು. ನಡಿಗೆ ತೂರಾಡಿದರೆ, ಮಾತು ತೊದಲಿದರೆ, ಕುಳಿತಲ್ಲಿ ಉಸಿರು ಸಾಲದಿದ್ದರೆ, ರಾತ್ರಿಯಾದರೂ ಇಳಿಯಬೇಕು. ಬೆಳಗಿಗೆ ಕಾಯಬಾರದು. ಶಿಖರದ ನಡಿಗೆ ಮಧ್ಯರಾತ್ರಿಯ ಕೊರೆಯುವ ಚಳಿಯಲ್ಲಿ ಆರಂಭವಾಗುವುದರಿಂದ, ಇಷ್ಟು ದೂರ ಬಂದೆವಲ್ಲಾ ಎಂಬ ಹಟವೇ ಆಗ ಬುದ್ಧಿಯನ್ನು ಕವಿಯುತ್ತದೆ. ಮಗಳು ಮುಂದಿರುವಳೆಂದು ತಂದೆ ನೋವನ್ನು ಮುಚ್ಚಿಡಬಹುದು. ತಂದೆ ಕುಗ್ಗುವರೆಂದು ಮಗಳೂ ಮುಚ್ಚಿಡಬಹುದು. ನಮಗೆ ಹೆಚ್ಚು ಅಂಜಿಕೆಯಾದದ್ದು ಇದಕ್ಕೇ.

ಆದ್ದರಿಂದ ಅಂದೇ ಕುಳಿತು ಕಂಪನಿಗೆ ಪತ್ರ ಬರೆಸಿದೆವು. ಒಬ್ಬರು ಇಳಿಯಬೇಕಾಗಿ ಬಂದರೆ ಅವರೊಡನೆ ಇಳಿಯಲು ಪ್ರತ್ಯೇಕ ಮಾರ್ಗದರ್ಶಿ ಇರುವರೇ? ಇಳಿಸುವ ನಿರ್ಧಾರ ಯಾರದು, ಯಾತ್ರಿಕನದೋ ಮಾರ್ಗದರ್ಶಿಯದೋ? ಆಮ್ಲಜನಕದ ಸಿಲಿಂಡರು ತಂಡದೊಡನೆ ಬರುತ್ತದೆಯೋ, ದ್ವಾರದಲ್ಲಿ ಉಳಿಯುತ್ತದೆಯೋ? 5 ದಿನದ ಯಾತ್ರೆಯವರು ಬಣ್ಣದ ಚಿತ್ರಗಳನ್ನು ಮತ್ತೊಮ್ಮೆ ಕಳುಹಿಸಿದರು. 8 ದಿನದವರು ನಾಲ್ಕು ಸಾಲು ಬರೆದರು: ಇಬ್ಬರು ಯಾತ್ರಿಕರಿಗೆ ಇಬ್ಬರು ಮಾರ್ಗದರ್ಶಿಗಳು; ಇಳಿಸುವ ಮಾತು ಅವರದೇ, ಅದಕ್ಕೆ ಎದುರಾಡುವಂತಿಲ್ಲ; ಸಿಲಿಂಡರು ತಂಡದೊಡನೆಯೇ ಬರುವುದು.

ಉಪಾಧ್ಯಾಯರ ಹೃದಯ ಪರೀಕ್ಷೆಯ ವರದಿ ದೀಪಾವಳಿಯ ಹೊತ್ತಿಗೆ ಬಂತು; ವೈದ್ಯರು ಔಷಧ ಬದಲಿಸಿ ಸಮ್ಮತಿಸಿದರು. ಈಗ ಅವರು ಪ್ರತಿ ಬೆಳಿಗ್ಗೆ ಬೆನ್ನಿಗೆ ಎಂಟು ಕಿಲೋ ಜೋಳದ ಚೀಲ ಕಟ್ಟಿಕೊಂಡು ಊರಾಚೆಯ ಗುಡ್ಡ ಹತ್ತುತ್ತಾರೆ. ಮೊನ್ನೆ ದಾರಿಯಲ್ಲಿ ಸಿಕ್ಕಾಗ, ಆ ಪರ್ವತದ ಮಾರ್ಗದರ್ಶಿಗಳು ಸದಾ ಹೇಳುವ ಸ್ವಾಹಿಲಿ ಮಾತನ್ನು ನಮಗೂ ಕಲಿಸಿದರು: ಪೋಲೆ ಪೋಲೆ. ನಿಧಾನ, ನಿಧಾನ. ಮುಂಗಡ ಹಣವನ್ನು ತಾಯಿಯೇ ಕಟ್ಟಿದರಂತೆ.