ಎಣ್ಣೆ ಹೋದುದೆಲ್ಲಿಗೆ?

ಮುಂಬಯಿಯ ಬೀದಿಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ನಿವೃತ್ತವಾದುವು. ಖಾಸಗಿಯವರ ಮನೆಯಂಗಳದಲ್ಲಿ ಮಾತ್ರ ಇನ್ನೂ ಕೆಲವು ಪದ್ಮಿನಿಗಳುಂಟು. ಅಂತಹ ಒಂದರಲ್ಲಿ, ಮಳೆಗಾಲ ಕಳೆದ ಹೊಸತರಲ್ಲಿ, ನಾವು ಮಿತ್ರರೊಡನೆ ಮಲಬಾರ್ ಹಿಲ್ಲಿನ ಇಳುಕಲಿನಲ್ಲಿ ಬರುತ್ತಿದ್ದಾಗ ಬ್ರೇಕಿನ ಪೆಡಲು ಮೆತ್ತಗೆ ನೆಲಕ್ಕೆ ತಗುಲಿತು. ಮಿತ್ರರು ಮೇಲಿಂದ ಮೇಲೆ ಒತ್ತಿ, ಕೈಬ್ರೇಕನ್ನೂ ಎಳೆದು ಹೇಗೋ ನಿಲ್ಲಿಸಿದರು. ಎರಡು ತಿಂಗಳಿಂದಲೂ ಬ್ರೇಕಿನ ಎಣ್ಣೆ ಇಳಿಯುತ್ತಿತ್ತಂತೆ. ಅವರು ಮೇಲಿನಿಂದ ತುಂಬುತ್ತಲೇ ಇದ್ದರಂತೆ! ಅದು ಹೋಗುತ್ತಿರುವುದೆಲ್ಲಿಗೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

ಪೆಡಲನ್ನೊತ್ತಿದಾಗ ಎಣ್ಣೆಯ ಒತ್ತಡವು ಕೊಳವೆಗಳ ಮೂಲಕ ಗಾಲಿಯ ಡ್ರಮ್ಮಿನೊಳಗಿರುವ ಚಿಕ್ಕ ಸಿಲಿಂಡರನ್ನು ಮುಟ್ಟಿ, ಅಲ್ಲಿಯ ಪಿಸ್ಟನ್ನನ್ನು ಹೊರದೂಡಿ, ಬ್ರೇಕಿನ ಷೂಗಳನ್ನು ಡ್ರಮ್ಮಿಗೆ ಅದುಮುತ್ತದೆ. ಎಣ್ಣೆಗೆ ಕಾವಲು, ಬಟ್ಟಲಿನಾಕಾರದ ಒಂದು ರಬ್ಬರು. ಈ ಎಣ್ಣೆಗೋ ಗಾಳಿಯ ತೇವವನ್ನು ಹೀರುವ ಸ್ವಭಾವ. ಮಳೆಗಾಲವೆಲ್ಲ ನಿಂತೇ ಇದ್ದ ಗಾಡಿಯಲ್ಲಿ ಸಿಲಿಂಡರು ಒಳಗೆ ತುಕ್ಕುಹಿಡಿದು, ತುಕ್ಕು ರಬ್ಬರನ್ನು ಕೊರೆಯುತ್ತದೆ. ಡಾಟ್ 3 ಎಣ್ಣೆ ಹೊಸದಾಗಿರುವಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದೆಂಬುದು ನಿಯಮ. ನೀರು ಬೆರೆತ ಎಣ್ಣೆಗೆ ವಿಧಿಸಿರುವ ಮಿತಿ 140 ಮಾತ್ರ.

ಸೋರಿಕೆಯು ಮೊದಲು ಧೂಳು ತಡೆಯುವ ಗವುಸಿನೊಳಗೆ ಅಡಗಿರುತ್ತದೆ. ಹೊರಗೆ ಹನಿಯೂ ಕಾಣದು. ಮಿಸ್ತ್ರಿಯವರು ಹಿಂದಿನ ಎಡಗಾಲಿಯ ಡ್ರಮ್ಮನ್ನು ಕಳಚಿ ಗವುಸಿನ ಅಂಚನ್ನೆತ್ತಿದೊಡನೆ ಎಣ್ಣೆ ಸುರಿಯಿತು. ಷೂವಿನ ಲೈನಿಂಗೂ ತೊಯ್ದಿತ್ತು. ತೊಯ್ದ ಲೈನಿಂಗನ್ನು ತೊಳೆದು ಬಳಸುವುದು ಸಲ್ಲ. ಒಂದೇ ಬದಿಗೆ ಹೊಸದು ಹಾಕಿದರೆ ಗಾಡಿ ಪಕ್ಕಕ್ಕೆಳೆಯುವುದಾದ್ದರಿಂದ ಬಲಗಾಲಿಗೂ ಬದಲಿಸಬೇಕಾಯಿತು.

ಸಿಲಿಂಡರಿನೊಳಗೆ ತೆಳುವಾದ ಕಲೆಯಷ್ಟೇ ಇದ್ದರೆ ನಯವಾಗಿ ಉಜ್ಜಿ ಹೊಸ ರಬ್ಬರು ಹಾಕಬಹುದು. ಇಲ್ಲಿ ಉಗುರಿಗೆ ತಗುಲುವ ಗುಳಿಗಳೇ ಇದ್ದುವು; ಹೊಸ ಸಿಲಿಂಡರೇ ಬಂದಿತು. ಬಲಗಡೆಯದಕ್ಕೆ ರಬ್ಬರು ಸಾಕಾಯಿತು. ಅದನ್ನು ತೊಳೆಯಲು ಕೆಲಸದ ಹುಡುಗನು ಸೀಮೆಎಣ್ಣೆ ತಂದಾಗ ಮಿಸ್ತ್ರಿಯವರು ಗದರಿಸಿದರು. ಸೀಮೆಎಣ್ಣೆ, ಪೆಟ್ರೋಲು, ಗ್ರೀಸು ತಗುಲಿದರೆ ಈ ರಬ್ಬರು ಉಬ್ಬಿ ಬ್ರೇಕು ಕಚ್ಚಿಕೊಳ್ಳುತ್ತದೆ. ಬ್ರೇಕಿನ ಎಣ್ಣೆಯಲ್ಲಿಯೇ ತೊಳೆದು, ಅದರಲ್ಲಿಯೇ ಅದ್ದಿ, ರಬ್ಬರಿನ ತುಟಿ ಎಣ್ಣೆಯ ಕಡೆಗಿರುವಂತೆ ಜೋಡಿಸಿದರು.

ಉಳಿದುದು ಗಾಳಿ ತೆಗೆಯುವ ಕೆಲಸ. ಮಿತ್ರರು ಪೆಡಲನ್ನೊತ್ತಿ ಹಿಡಿಯುವರು. ಮಿಸ್ತ್ರಿಯವರು ನಿಪ್ಪಲ್ಲನ್ನು ಸಡಿಲಿಸಿ ಗುಳ್ಳೆಗಳನ್ನು ಹೊರಬಿಟ್ಟು, ಪೆಡಲು ಮೇಲೇಳುವ ಮುನ್ನವೇ ಬಿಗಿಯುವರು. ಅರ್ಧ ಗಂಟೆಯ ಮೇಲೆ ಪೆಡಲು ಗಟ್ಟಿಯಾಯಿತು.

ಮಿತ್ರರು ಡಿಕ್ಕಿಯಲ್ಲಿ ಜೋಪಾನವಾಗಿಟ್ಟಿದ್ದ ಅರೆಬರೆ ಎಣ್ಣೆಯ ಡಬ್ಬಿಯನ್ನು ಮಿಸ್ತ್ರಿಯವರು ಕೇಳಿ ಪಡೆದು ಪಕ್ಕಕ್ಕಿಟ್ಟರು. ತೆರೆದ ಡಬ್ಬಿಯೂ ಮಳೆಗಾಲದಲ್ಲಿ ತೇವ ಕುಡಿದಿರುತ್ತದೆ.