ಮೀಟರಿಗೆ ಬಂದ ಪಿಸುದನಿ

ಪೆನ್ಸಿಲ್ ಸೆಲ್ ಗಾತ್ರದ ಒಂದು ಲಿಥಿಯಂ ಬ್ಯಾಟರಿ ಹಾಕಿಕೊಂಡು ವರ್ಷಗಟ್ಟಲೆ ಕೂತಲ್ಲೇ ಕೂತು, ಕಿಲೋಮೀಟರುಗಳಾಚೆಗೆ ಸುದ್ದಿ ಮುಟ್ಟಿಸುವ ಪುಟ್ಟ ಸಾಧನಗಳಿವೆ. ನೀರಿನ ಮೀಟರ್, ಓವರ್‌ಹೆಡ್ ಟ್ಯಾಂಕಿನ ಮಟ್ಟ ನೋಡುವ ಸೆನ್ಸರ್, ಹೊಲದ ತೇವ ಅಳೆಯುವ ಕಡ್ಡಿ ಇವೆಲ್ಲ ಆ ಜಾತಿಯವು. ಇವಕ್ಕೆ ದಿನವೆಲ್ಲ ಹೇಳಲು ಇರುವುದು ನಾಲ್ಕಾರು ಅಂಕಿ. ಆದರೆ ಮುಟ್ಟಿಸಬೇಕಾದ ದಾರಿ ದೂರ, ಕೈಯಲ್ಲಿರುವ ಶಕ್ತಿ ಅಲ್ಪ. ಈ ಮೂರನ್ನೂ ಹೊಂದಿಸಿ ಹೆಣೆದದ್ದೇ ಕಡಿಮೆ ವಿದ್ಯುತ್ತಿನ ದೂರಗಾಮಿ ನಿಸ್ತಂತು ಜಾಲ.

ಅಲ್ಪ ಶಕ್ತಿಯ ರೇಡಿಯೊ ಮೈಸೂರಿಗೆ ಹೊಸತಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠ್ಠಲ ವಿಹಾರದಿಂದ ಪ್ರಸಾರ ಆರಂಭಿಸಿದಾಗ ಅವರ ಟ್ರಾನ್ಸ್‌ಮಿಟರಿನ ಶಕ್ತಿ ಬರೀ 30 ವ್ಯಾಟ್. ಆ ಪುಟ್ಟ ಕೇಂದ್ರದ ಹೆಸರು ‘ಆಕಾಶವಾಣಿ’; ಮುಂದೆ ದೇಶದ ಬಾನುಲಿಯೇ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಇಂದಿನ ಮೀಟರಿನೊಳಗಿನ ರೇಡಿಯೊ ಸಾಮಾನ್ಯವಾಗಿ ಬಳಸುವುದು 25 ಮಿಲಿವ್ಯಾಟ್, ಎಂದರೆ ವಿಠ್ಠಲ ವಿಹಾರದ ಶಕ್ತಿಯ 1,200ರಲ್ಲಿ ಒಂದು ಪಾಲು. ಅಷ್ಟರಲ್ಲೇ ಅದು ದೂರ ಮುಟ್ಟುವುದಕ್ಕೆ ಕಾರಣ ಒಂದೇ: ಅದಕ್ಕೆ ಅವಸರವಿಲ್ಲ. ಹಾಡು, ಭಾಷಣಗಳು ಕ್ಷಣವೂ ತಡೆಯದೆ ಹರಿಯಬೇಕು. ಮೀಟರಿನ ಅಂಕಿ ಒಂದೂವರೆ ಸೆಕೆಂಡ್ ತೆಗೆದುಕೊಂಡರೂ ಯಾರಿಗೂ ನಷ್ಟವಿಲ್ಲ.

ಸಾವಿರಾರು ಸಾಧನಗಳು ಒಂದೇ ಗಾಳಿಯನ್ನು ಹಂಚಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಹವಾಯಿ ದ್ವೀಪಗಳಿಂದ. ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ಚಾಲೂ ಮಾಡಿದ ‘ಅಲೋಹಾ’ ಜಾಲದಲ್ಲಿ ಸರದಿ ಹಚ್ಚುವವರೇ ಇರಲಿಲ್ಲ. ಹೇಳಬೇಕೆನಿಸಿದಾಗ ಹೇಳುವುದು, ಬೇರೆಯವರ ಮಾತಿಗೆ ಡಿಕ್ಕಿಯಾದರೆ ಸ್ವಲ್ಪ ತಡೆದು ಮತ್ತೆ ಹೇಳುವುದು. ಈ ಕ್ರಮದಲ್ಲಿ ಸಮಯದ ಹೆಚ್ಚೆಂದರೆ ಶೇ 18ರಷ್ಟು ಮಾತ್ರ ಸಾರ್ಥಕವಾಗುತ್ತದೆ. ದಿನಕ್ಕೆ ನಾಲ್ಕು ಮಾತಾಡುವ ಸಾಧನಕ್ಕೆ ಅದು ಧಾರಾಳ. ಸರದಿಗಾಗಿ ಕಿವಿ ತೆರೆದು ಕೂರುವ ಕೆಲಸ ತಪ್ಪಿದರೆ ಬ್ಯಾಟರಿಯೂ ಉಳಿಯುತ್ತದೆ.

ಭಾರತದಲ್ಲಿ ರೇಡಿಯೊ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿದ್ದ ಕಾಲ ಹಿರಿಯರಿಗೆ ನೆನಪಿದೆ. 2005ರಲ್ಲಿ ಕೇಂದ್ರ ಸರ್ಕಾರ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಅಲ್ಪ ಶಕ್ತಿಯ ಸಾಧನಗಳಿಗೆ ಲೈಸೆನ್ಸಿಲ್ಲದೆ ಬಿಟ್ಟುಕೊಟ್ಟಿತು. ಟ್ರಾನ್ಸ್‌ಮಿಟರಿನ ಶಕ್ತಿ 1 ವ್ಯಾಟ್ ಮೀರಬಾರದು ಎಂಬುದು ಷರತ್ತು. ವೈಫೈ ಬಳಸುವ 2.4 ಗಿಗಾಹರ್ಟ್ಸ್‌ಗಿಂತ ಈ ತರಂಗಗಳು ಗೋಡೆ, ಗಿಡಮರಗಳನ್ನು ಚೆನ್ನಾಗಿ ದಾಟುತ್ತವೆ. ಸದ್ದಿಲ್ಲದೆ ಆದ ಈ ನಿರ್ಧಾರ ಮುಂದಿನದಕ್ಕೆಲ್ಲ ತಳಪಾಯ.

ಮೀಟರುಗಳನ್ನು ದೂರದಿಂದ ಓದುವ ಕೆಲಸಕ್ಕೆ ಮೈಸೂರು ಬೇಗನೆ ಕೈಹಾಕಿತು. ಕೇಂದ್ರ ವಿದ್ಯುತ್ ಸಚಿವಾಲಯ ಆಯ್ದ 14 ಸ್ಮಾರ್ಟ್ ಗ್ರಿಡ್ ಪ್ರಾಯೋಗಿಕ ಯೋಜನೆಗಳಲ್ಲಿ ಒಂದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು. ವಾಣಿವಿಲಾಸ ಮೊಹಲ್ಲಾ ಭಾಗದ 21,824 ಗ್ರಾಹಕರು ಅದರ ವ್ಯಾಪ್ತಿಗೆ ಬಂದರು. ಮನೆ, ಅಂಗಡಿ, ಕಾರ್ಖಾನೆಗಳ ಜೊತೆಗೆ 512 ನೀರಾವರಿ ಪಂಪ್‌ಸೆಟ್ಟುಗಳೂ ಸೇರಿದ್ದವು. ಮೀಟರ್ ರೀಡರ್ ಬಾಗಿಲಿಗೆ ಬರದೆಯೇ ಬಳಕೆಯ ಲೆಕ್ಕ ಸಿಗಬೇಕು, ಕರೆಂಟು ಹೋದದ್ದು ಗ್ರಾಹಕರ ಫೋನಿಗೆ ಮುನ್ನವೇ ನಿಗಮಕ್ಕೆ ತಿಳಿಯಬೇಕು, ಸಂಜೆಯ ಒತ್ತಡ ನಿಭಾಯಿಸಬೇಕು ಎಂಬುದು ಉದ್ದೇಶ.

ಇಂಥ ಯೋಜನೆಗಳಲ್ಲಿ ರೂಢಿಯಲ್ಲಿರುವ ಒಂದು ದಾರಿ ಕೈಯಿಂದ ಕೈಗೆ ದಾಟಿಸುವುದು: ಒಂದು ಮನೆಯ ಮೀಟರ್ ತನ್ನ ಅಂಕಿಯನ್ನು ಪಕ್ಕದ ಮನೆಯದಕ್ಕೆ, ಅದು ಮತ್ತೊಂದಕ್ಕೆ, ಕೊನೆಗೆ ಬೀದಿಯ ಸಂಗ್ರಾಹಕಕ್ಕೆ ಕೊಡುತ್ತದೆ; ಅಲ್ಲಿಂದ ಮುಂದೆ ಮೊಬೈಲ್ ಜಾಲ. ಗೋಡೆಗೆ ಗೋಡೆ ಅಂಟಿದ ಮೊಹಲ್ಲಾಕ್ಕೆ ಇದು ಒಪ್ಪುತ್ತದೆ. ಗದ್ದೆಯ ನಡುವಿನ ಪಂಪ್‌ಸೆಟ್ಟಿಗೆ ಪಕ್ಕದ ಮನೆಯೇ ಇಲ್ಲ. ಸಿಮ್ ಹಾಕಿದ ಸ್ಟಾರ್ಟರಿನಿಂದ ರೈತರು ಮನೆಯಲ್ಲೇ ಕೂತು ಮೋಟಾರ್ ಹಾಕುತ್ತಾರೆ ನಿಜ. ಅಲ್ಲಿ ಲೈನಿನ ಕರೆಂಟಿದೆ. ಅದೇ ಹೊಲದ ಮಣ್ಣಿನಲ್ಲಿ ನೆಟ್ಟ ತೇವದ ಕಡ್ಡಿಗೆ ಕರೆಂಟೂ ಇಲ್ಲ, ನೆರೆಯೂ ಇಲ್ಲ. ಅದಕ್ಕೆ ಬೇಕಾದದ್ದು ಒಂದೇ ನೆಗೆತದಲ್ಲಿ ದೂರ ದಾಟುವ ದನಿ.

ಆ ದನಿ ಫ್ರಾನ್ಸಿನಿಂದ ಬಂತು. ಗ್ರೆನೋಬಲ್ ಊರಿನ ನಿಕೊಲಾ ಸೋರ್ನಾನ್, ಒಲಿವಿಯೆ ಸೆಲ್ಲೆ ಮತ್ತು ಫ್ರಾನ್ಸ್ವಾ ಸ್ಫೋರ್ಜಾ ಸೇರಿ ಕಟ್ಟಿದ ಸೈಕ್ಲಿಯೊ ಎಂಬ ಸಣ್ಣ ಕಂಪನಿ ರೇಡಾರಿನಲ್ಲಿ ಮೊದಲೇ ಬಳಕೆಯಲ್ಲಿದ್ದ ತಂತ್ರವೊಂದನ್ನು ಮೀಟರುಗಳಿಗೆ ಹೊಂದಿಸಿತು. ಅಮೆರಿಕದ ಸೆಮ್‌ಟೆಕ್ 2012ರಲ್ಲಿ ಅದನ್ನು ಕೊಂಡು ‘ಲೋರಾ’ ಚಿಪ್ಪುಗಳನ್ನು ಮಾರುಕಟ್ಟೆಗೆ ತಂದಿತು.

ವೀಣೆಯ ತವರಾದ ಮೈಸೂರಿನಲ್ಲಿ ಈ ತಂತ್ರವನ್ನು ವಿವರಿಸುವುದು ಸುಲಭ. ತಂತಿಯ ಮೇಲಿಂದ ಬೆರಳೆತ್ತದೆ ಒಂದು ಸ್ವರದಿಂದ ಇನ್ನೊಂದಕ್ಕೆ ಸರಿಯುವ ಗಮಕಕ್ಕೆ ಜಾರು ಎನ್ನುತ್ತಾರೆ. ದಸರೆಯ ಜನಜಂಗುಳಿಯಲ್ಲಿ ಬಿಡಿ ಸ್ವರವೊಂದು ಗದ್ದಲದೊಳಗೆ ಕಳೆದುಹೋದೀತು. ಒಂದೇ ಗತಿಯಲ್ಲಿ ಏರುವ ಜಾರು ಕಿವಿಗೆ ಸಿಗುತ್ತದೆ, ಏಕೆಂದರೆ ಅದು ಏರುವ ಬಗೆ ಕಿವಿಗೆ ಮೊದಲೇ ಗೊತ್ತು. ಲೋರಾ ತರಂಗವೂ 125 ಕಿಲೋಹರ್ಟ್ಸ್ ಅಗಲದ ಪಟ್ಟಿಯಲ್ಲಿ ತಳದಿಂದ ತುದಿಗೆ ಹಾಗೆಯೇ ಜಾರುತ್ತದೆ. ಎಲ್ಲಿಂದ ಹೊರಟಿತು ಎಂಬುದರಲ್ಲೇ ಸುದ್ದಿ ಇದೆ. ನಡುವಿನಿಂದ ಹೊರಟರೆ ತುದಿ ಮುಟ್ಟಿದೊಡನೆ ತಳಕ್ಕಿಳಿದು, ಹೊರಟಲ್ಲಿಗೇ ಬಂದು ಮುಗಿಯುತ್ತದೆ. ವೀಣೆಗೆ ಮೆಟ್ಟಿಲು 24. ಇಲ್ಲಿ ಹೊರಡುವ ಮೆಟ್ಟಿಲುಗಳು ವೇಗದ ಕ್ರಮದಲ್ಲಿ 128, ಅತಿ ವಿಳಂಬದಲ್ಲಿ 4,096. ವಿಳಂಬದಲ್ಲಿ ಒಂದೊಂದು ಜಾರಿಗೂ ಸುಮಾರು 33 ಮಿಲಿಸೆಕೆಂಡ್ ಹಿಡಿಯುತ್ತದೆ. ಸಾಧನಗಳ ದನಿ ಹಿಡಿದು ಮುಂದಕ್ಕೆ ದಾಟಿಸುವ ಪೆಟ್ಟಿಗೆಯೇ ಗೇಟ್‌ವೇ; ಅಷ್ಟು ಹೊತ್ತು ಆಲಿಸಿದ ಅದು, ಸುತ್ತಲಿನ ಗದ್ದಲಕ್ಕಿಂತ ನೂರು ಪಟ್ಟು ಕ್ಷೀಣವಾದ ದನಿಯನ್ನೂ ಗುರುತಿಸಿಬಿಡುತ್ತದೆ.

ಬೆಲೆ ಸಮಯದಲ್ಲಿ ತೆರಬೇಕು. ಹತ್ತು ಬೈಟಿನ ಒಂದು ಅಂಕಿ ವೇಗದ ಕ್ರಮದಲ್ಲಿ ಸುಮಾರು 60 ಮಿಲಿಸೆಕೆಂಡಿನಲ್ಲಿ ಹೋದರೆ, ಅತಿ ವಿಳಂಬದಲ್ಲಿ ಸುಮಾರು ಒಂದೂವರೆ ಸೆಕೆಂಡ್. ಬ್ಯಾಟರಿಯ ಖರ್ಚೂ ಅದೇ ಪ್ರಮಾಣದಲ್ಲಿ ಏರುತ್ತದೆ. ಹಾಗಾಗಿ ಹತ್ತಿರದ ಸಾಧನಕ್ಕೆ ಬೇಗ ಮುಗಿಸು ಎಂದೂ ದೂರದ್ದಕ್ಕೆ ನಿಧಾನ ಹೇಳು ಎಂದೂ ಜಾಲವೇ ಸೂಚಿಸುತ್ತದೆ.

ಆ ಸೂಚನೆ ತಲುಪುವ ರೀತಿ ಸೊಗಸಾಗಿದೆ. ಮೀಟರ್ ದಿನದ ಬಹುಪಾಲು ಗಾಢ ನಿದ್ದೆಯಲ್ಲಿರುತ್ತದೆ. ಆಗ ಅದು ಬಳಸುವುದು ಕೆಲವೇ ಮೈಕ್ರೋ ಆಂಪಿಯರ್. ಹೊತ್ತಿಗೆ ಸರಿಯಾಗಿ ಎದ್ದು, ಅಳತೆ ನೋಡಿ, ಗುಟ್ಟಿನ ಲಿಪಿಗೆ ತಿರುಗಿಸಿ ಕಳಿಸುತ್ತದೆ. ಒಂದು ಸೆಕೆಂಡ್ ಬಿಟ್ಟು ಕ್ಷಣಕಾಲ ಕಿವಿ ತೆರೆಯುತ್ತದೆ, ಎರಡನೇ ಸೆಕೆಂಡಿಗೆ ಮತ್ತೊಮ್ಮೆ. ಮೇಲಿನಿಂದ ಏನಾದರೂ ಹೇಳುವುದಿದ್ದರೆ ಆಗಲೇ ಹೇಳಬೇಕು. ಇಲ್ಲವಾದರೆ ಅದು ಮತ್ತೆ ನಿದ್ದೆಗೆ ಜಾರುತ್ತದೆ. ‘ಲೋರಾವಾನ್’ ಎಂಬ ಈ ಒಡಂಬಡಿಕೆಯನ್ನು ನೋಡಿಕೊಳ್ಳುವ ಕಂಪನಿಗಳ ಕೂಟ 2015ರಲ್ಲಿ ರೂಪುಗೊಂಡಿತು. 2021ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಅದನ್ನು ಮಾನಕವಾಗಿ ಅಂಗೀಕರಿಸಿತು. ನಿಯಮಗಳು ಎಲ್ಲರಿಗೂ ತೆರೆದಿದ್ದರೂ ಜಾರಿನ ಪೇಟೆಂಟ್ ಸೆಮ್‌ಟೆಕ್ ಬಳಿಯೇ ಇರುವುದು ಕೊಳ್ಳುವ ನಗರಸಭೆಗಳು ಮರೆಯಬಾರದ ಸಂಗತಿ.

ಪೈಪೋಟಿಯೂ ನಡೆದಿದೆ. ಫ್ರಾನ್ಸಿನದೇ ಆದ ಸಿಗ್‌ಫಾಕ್ಸ್ ಒಮ್ಮೆಗೆ 12 ಬೈಟಿನಂತೆ ದಿನಕ್ಕೆ 140 ಸಂದೇಶಗಳ ಮಿತಿ ಇಟ್ಟು ದೇಶದೇಶಗಳಲ್ಲಿ ಜಾಲ ಹಬ್ಬಿಸಿ, 2022ರಲ್ಲಿ ದಿವಾಳಿಯಾಗಿ ಸಿಂಗಪುರದ ಕಂಪನಿಯ ಪಾಲಾಯಿತು. ಮೊಬೈಲ್ ಟವರುಗಳನ್ನೇ ಬಳಸುವ ಎನ್‌ಬಿ–ಐಒಟಿ ಮಾನಕ 2016ರಲ್ಲಿ ಸಿದ್ಧವಾಯಿತು. ಟವರ್ ಇರುವಲ್ಲಿ ಅದು ಸಲೀಸು. ಸ್ವಂತ ಗೇಟ್‌ವೇ ನಿಲ್ಲಿಸಿಕೊಳ್ಳುವ ಸ್ವಾತಂತ್ರ್ಯ ಇರುವುದು ಲೋರಾದಲ್ಲಿ.

ಗೇಟ್‌ವೇ ಎತ್ತರದಲ್ಲಿದ್ದಷ್ಟೂ ವ್ಯಾಪ್ತಿ ಹೆಚ್ಚು. ಊರೊಳಗೆ ಎರಡರಿಂದ ಐದು, ಬಯಲಿನಲ್ಲಿ ಹದಿನೈದು ಕಿಲೋಮೀಟರ್ ಸಿಗುತ್ತದೆ. 2017ರಲ್ಲಿ ಬಲೂನಿನಲ್ಲಿ ಮೇಲೇರಿದ 25 ಮಿಲಿವ್ಯಾಟಿನ ಸಾಧನದ ದನಿ 702 ಕಿಲೋಮೀಟರ್ ದೂರಕ್ಕೆ ಕೇಳಿಸಿತ್ತು. ನಗರಕ್ಕಿಂತ ಸುಮಾರು 300 ಮೀಟರ್ ಎತ್ತರದ ಚಾಮುಂಡಿ ಬೆಟ್ಟದಂಥ ಜಾಗದಿಂದ ಇಡೀ ಮೈಸೂರು ಕಾಣುತ್ತದಾದರೂ, ಅಲ್ಲಿ ಕೂತ ಗೇಟ್‌ವೇಗೆ ಊರಿನ ಎಲ್ಲ ಸಾಧನಗಳೂ ಒಟ್ಟಿಗೆ ಕೇಳಿಸಿ ಡಿಕ್ಕಿಗಳು ಹೆಚ್ಚುತ್ತವೆ. ಬಡಾವಣೆಯ ನೀರಿನ ಟ್ಯಾಂಕುಗಳ ಮೇಲೆ ಹಲವು ಗೇಟ್‌ವೇಗಳನ್ನು ಹಂಚಿ ನಿಲ್ಲಿಸುವುದು ಮೇಲು. ಇಷ್ಟಾದರೂ ರಸ್ತೆಯಂಚಿನ ಗುಂಡಿಯೊಳಗಿನ ನೀರಿನ ಮೀಟರಿಗೆ ಕಬ್ಬಿಣದ ಮುಚ್ಚಳ ಹಾಕಿದರೆ ದನಿ ಅಲ್ಲಿಗೇ ಅಡಗುತ್ತದೆ. ಅಂಥ ಕಡೆ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು, ಇಲ್ಲವೇ ಆಂಟೆನಾವನ್ನು ಗುಂಡಿಯಿಂದ ಮೇಲಕ್ಕೆಳೆದು ಕಾಂಪೌಂಡ್ ಗೋಡೆಗೆ ಬಿಗಿಯಬೇಕು.