ಹಕ್ಕೋ, ಸವಲತ್ತೋ? ಕಾಡಂಚಿನಲ್ಲಿ ‘ಪ್ರಿವಿಲೇಜ್’ ಪದದ ಅರ್ಥ

ಮದ್ದೂರು (ಗುಂಡ್ಲುಪೇಟೆ ತಾ.): ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ ಮದ್ದೂರಿನ ಬಳಿ ಬಂಡೀಪುರದ ಕಾಡನ್ನು ಹೊಗುತ್ತದೆ. ವನ್ಯಜೀವಿಗಳ ರಕ್ಷಣೆಗಾಗಿ ಚಾಮರಾಜನಗರ ಜಿಲ್ಲಾಡಳಿತ 2009ರಲ್ಲಿ ಈ ಮಾರ್ಗದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೆ ಹಾಗೂ ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ಎಲ್ಲರಿಗೂ ಅನ್ವಯಿಸುವ ನಿಯಮ, ಕೆಲವರಿಗೆ ಮಾತ್ರ ಬೇರೆ ನಿಯಮ. ‘ಪ್ರಿವಿಲೇಜ್’ ಎಂಬ ಪದದ ಮೂಲಾರ್ಥವೂ ಇದೇ.

ರೋಮ್‌ನಿಂದ ಬಂದ ಪದ

ಲ್ಯಾಟಿನ್ ಭಾಷೆಯ ‘ಪ್ರಿವಸ್’ ಎಂದರೆ ಒಬ್ಬನಿಗೆ ಸೇರಿದ್ದು. ‘ಲೆಕ್ಸ್’ ಎಂದರೆ ಕಾನೂನು. ಎರಡೂ ಕೂಡಿ ‘ಪ್ರಿವಿಲೇಜಿಯಂ’ ಆಯಿತು. ಅಂದರೆ ಒಬ್ಬ ವ್ಯಕ್ತಿಗಾಗಿಯೇ ಮಾಡಿದ ಕಾನೂನು. ಆರಂಭದಲ್ಲಿ ಅದು ಅನುಗ್ರಹವೇ ಆಗಿರಬೇಕೆಂದಿರಲಿಲ್ಲ, ದಂಡನೆಯೂ ಆಗಬಹುದಿತ್ತು. ಕ್ರಿ.ಪೂ. 5ನೇ ಶತಮಾನದ ‘ಹನ್ನೆರಡು ಫಲಕ’ಗಳ ಶಾಸನ ಇಂತಹ ವ್ಯಕ್ತಿನಿರ್ದಿಷ್ಟ ಕಾನೂನುಗಳನ್ನು ನಿಷೇಧಿಸಿತ್ತು. ಕ್ರಿ.ಪೂ. 58ರಲ್ಲಿ ಗಡಿಪಾರಾದ ವಾಗ್ಮಿ ಸಿಸೆರೊ ತನ್ನ ವಿರುದ್ಧದ ಕ್ರಮವನ್ನು ಇದೇ ಪದದಿಂದ ಖಂಡಿಸಿದ. ಕಾಲಾನಂತರದಲ್ಲಿ ದಂಡನೆಯ ಅರ್ಥ ಅಳಿದು ವಿಶೇಷ ಅನುಕೂಲವೆಂಬ ಅರ್ಥ ಉಳಿಯಿತು. ಫ್ರಾನ್ಸಿನಲ್ಲಿ ಶ್ರೀಮಂತವರ್ಗ ಮತ್ತು ಚರ್ಚು ಅನುಭವಿಸುತ್ತಿದ್ದ ಅಂತಹ ಅನುಕೂಲಗಳನ್ನು ಕೊನೆಗಾಣಿಸುವ ತೀರ್ಮಾನವನ್ನು ರಾಷ್ಟ್ರೀಯ ಸಭೆ ಕೈಗೊಂಡದ್ದು 1789ರ ಆಗಸ್ಟ್ 4ರ ರಾತ್ರಿ.

ಉಂಬಳಿ, ಮಾನ್ಯ, ಇನಾಮುಗಳ ನಾಡಿಗೂ ಈ ಕಲ್ಪನೆ ಹೊಸದಲ್ಲ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಮಾಜಿ ಅರಸರ ರಾಜಧನ ಮತ್ತು ವಿಶೇಷ ಮನ್ನಣೆಗಳನ್ನು ರದ್ದುಪಡಿಸಿತು.

ಕಾಡಿನಲ್ಲಿ ಬದಲಾದ ಅರ್ಥ

ಅರಸರ ಪಾಲಿಗೆ ವೈಭವವಾಗಿದ್ದ ಇದೇ ಪದ ಕಾಡಿನ ಜನರ ಪಾಲಿಗೆ ತೂಗುಕತ್ತಿಯಾಯಿತು. 1878ರ ಭಾರತೀಯ ಅರಣ್ಯ ಕಾಯ್ದೆಯ ಪೂರ್ವದಲ್ಲಿ ಬ್ರಿಟಿಷ್ ಅಧಿಕಾರಿಗಳ ನಡುವೆ ದೊಡ್ಡ ಚರ್ಚೆ ನಡೆಯಿತು. ಹಳ್ಳಿಗರು ತಲೆತಲಾಂತರದಿಂದ ಸೌದೆ ತರುವುದು, ದನ ಮೇಯಿಸುವುದು ಹಕ್ಕಲ್ಲ, ಸರ್ಕಾರ ಸಹಿಸಿಕೊಂಡ ಸವಲತ್ತು ಮಾತ್ರ ಎಂಬುದು ಬೇಡನ್-ಪೊವೆಲ್ ಅವರ ವಾದವಾಗಿತ್ತು. ಆ ಕಾಯ್ದೆ ಬಹುಮಟ್ಟಿಗೆ ಈ ನಿಲುವನ್ನೇ ಒಪ್ಪಿತು. ಮೈಸೂರು ಸಂಸ್ಥಾನ 1900ರಲ್ಲಿ ತನ್ನದೇ ಅರಣ್ಯ ಕಾನೂನನ್ನು ರೂಪಿಸಿತು.

ವ್ಯತ್ಯಾಸ ಕೇವಲ ಶಬ್ದದ್ದಲ್ಲ. ಹಕ್ಕನ್ನು ಕಸಿದುಕೊಂಡರೆ ನ್ಯಾಯಾಲಯದ ಮೆಟ್ಟಿಲೇರಬಹುದು, ಪರಿಹಾರ ಕೇಳಬಹುದು. ಸವಲತ್ತನ್ನಾದರೋ ಕೊಟ್ಟ ಕೈಯೇ ಹಿಂತೆಗೆದುಕೊಳ್ಳಬಹುದು. ಬಂಡೀಪುರದ ಅಂಚಿನ ಹಾಡಿಗಳ ಜೇನುಕುರುಬರು, ಸೋಲಿಗರಿಗೆ ಜೇನು, ಗೆಡ್ಡೆಗೆಣಸು, ಸೌದೆಗಳ ಪ್ರಶ್ನೆ ನಿಂತಿರುವುದು ಈ ಒಂದೇ ಗೆರೆಯ ಮೇಲೆ.

2006ರ ಅರಣ್ಯ ಹಕ್ಕು ಕಾಯ್ದೆ ಈ ಗೆರೆಯನ್ನು ತಿದ್ದಿ ಬರೆಯಿತು. ಅದು ಹಕ್ಕುಗಳನ್ನು ಹೊಸದಾಗಿ ದಯಪಾಲಿಸುವುದಾಗಿ ಹೇಳದೆ, ಮೊದಲಿನಿಂದಲೂ ಇದ್ದ ಹಕ್ಕುಗಳನ್ನು ಮಾನ್ಯ ಮಾಡುವುದಾಗಿ ಹೇಳಿತು. ಅದರಂತೆ ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು.

ಕನ್ನಡ ಏನೆನ್ನುತ್ತದೆ?

ಕನ್ನಡದಲ್ಲಿ ಈ ಪದಕ್ಕೆ ವಿಶೇಷಾಧಿಕಾರ, ಸವಲತ್ತು, ರಿಯಾಯಿತಿ ಎಂಬ ಹಲವು ರೂಪಗಳಿವೆ. ‘ಹಕ್ಕು’ ಮತ್ತು ‘ಸವಲತ್ತು’ ಎರಡಕ್ಕೂ ಮೂಲ ಅರಬ್ಬಿಯೇ. ಮೊದಲನೆಯದರ ಮೂಲ ಸತ್ಯ, ನ್ಯಾಯ ಎಂಬ ಅರ್ಥವನ್ನೂ, ಎರಡನೆಯದರ ಮೂಲ ಸುಲಭ, ಸರಾಗ ಎಂಬ ಅರ್ಥವನ್ನೂ ಕೊಡುತ್ತದೆ.

ಸೋಜಿಗವೆಂದರೆ, ಸಂವಿಧಾನದ 194ನೇ ವಿಧಿ ಶಾಸಕರಿಗೆ ನೀಡಿರುವ ‘ಪ್ರಿವಿಲೇಜ್’ಗೆ ಧಕ್ಕೆಯಾದರೆ ಕನ್ನಡ ಅದನ್ನು ‘ಹಕ್ಕುಚ್ಯುತಿ’ ಎನ್ನುತ್ತದೆ. ವಿಧಾನಸೌಧದಲ್ಲಿ ಹಕ್ಕಾದ ಪದ ಕಾಡಂಚಿನ ಹಾಡಿಗೆ ಬರುವಷ್ಟರಲ್ಲಿ ರಿಯಾಯಿತಿಯಾಗಿ ಕುಗ್ಗಿರುತ್ತದೆ. ಪದ ಒಂದೇ ಆದರೂ ಅದನ್ನು ಅನುಭವಿಸುವವರು ಯಾರೆಂಬುದರ ಮೇಲೆ ಅನುವಾದ ಬದಲಾಗುತ್ತದೆ.

ಆದ್ದರಿಂದ ಯಾವುದೇ ಅನುಕೂಲ ಹಕ್ಕೋ ಸವಲತ್ತೋ ಎಂದು ತಿಳಿಯಬೇಕಾದರೆ ನಿಘಂಟಿಗಿಂತ ಒಂದು ಸರಳ ಪ್ರಶ್ನೆ ಹೆಚ್ಚು ನೆರವಾಗುತ್ತದೆ: ಕೊಟ್ಟವರು ಅದನ್ನು ನಾಳೆ ಹಿಂದಕ್ಕೆ ಪಡೆದರೆ, ಪಡೆದವರು ಎಲ್ಲಿಗೆ ಹೋಗಿ ಕೇಳಬಹುದು?